ಏಜ್ ಆಫ್ ಎಂಪೈರ್ಸ್ ಆನ್‌ಲೈನ್: ಆಟವೇ ಸೋತಿತೋ, ಅದರ ಅಂಗಡಿ ಸೋಲಿಸಿತೋ?

ಕೋಟೆಕಾವಲು (ಚರ್ಚೆ ಆರಂಭಿಸಿದವರು)

2011ರ ಆಗಸ್ಟ್‌ನಲ್ಲಿ ಬಿಡುಗಡೆಯಾಗಿ, ಮೂರು ವರ್ಷ ತುಂಬುವ ಮೊದಲೇ, ಅಂದರೆ 2014ರ ಜುಲೈ 1ರಂದು ಸರ್ವರ್ ಮುಚ್ಚಿಕೊಂಡ, ಸಾಮ್ರಾಜ್ಯ ಕಟ್ಟಿ ಕಾದಾಡುವ ಕಂಪ್ಯೂಟರ್ ಆಟ ಏಜ್ ಆಫ್ ಎಂಪೈರ್ಸ್ ಆನ್‌ಲೈನ್ ವಿಷಯ ಬಂದಾಗಲೆಲ್ಲ, ‘ಕಾರ್ಟೂನಿನಂತಹ ಚಿತ್ರಣವೇ ಅದನ್ನು ಮುಳುಗಿಸಿತು’ ಎಂಬ ಮಾತು ಕೇಳಿಬರುತ್ತದೆ. ನನಗದು ಒಪ್ಪಿಗೆಯಿಲ್ಲ. ಆ ಚಿತ್ರಣಕ್ಕೆ ಕೆಲವೇ ದಿನಗಳಲ್ಲಿ ಕಣ್ಣು ಒಗ್ಗುತ್ತಿತ್ತು. ಕೊನೆಯವರೆಗೂ ಒಗ್ಗದೆ ಉಳಿದದ್ದು ಅದರ ಅಂಗಡಿ, ಅಂದರೆ ಆಟದೊಳಗಿನ ಸೌಲಭ್ಯಗಳನ್ನು ದುಡ್ಡಿಗೆ ಮಾರುವ ವ್ಯವಸ್ಥೆ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಈ ಸರಣಿಯ ಹಳೆಯ ಆಟಗಳನ್ನು ಮಾಡಿದ್ದ, ಮೈಕ್ರೋಸಾಫ್ಟ್ 2009ರಲ್ಲಿ ಮುಚ್ಚಿದ ಎನ್‌ಸೆಂಬಲ್ ಸ್ಟುಡಿಯೋಸ್‌ನಿಂದ ಹೊರಬಂದವರು ಕಟ್ಟಿದ ರೋಬೋಟ್ ಎಂಟರ್‌ಟೈನ್‌ಮೆಂಟ್ ಈ ಆಟವನ್ನು ಆರಂಭಿಸಿತು. ಬಿಡುಗಡೆಗೆ ಮುಂಚೆಯೇ ಕೆಲಸ ಗ್ಯಾಸ್ ಪವರ್ಡ್ ಗೇಮ್ಸ್ ಕೈಗೆ ಹೋಯಿತು. ನಮಗೊಂದು ಶಾಶ್ವತ ರಾಜಧಾನಿ ಇರುತ್ತಿತ್ತು. ಅಲ್ಲಿಂದ ಕ್ವೆಸ್ಟ್‌ಗಳಿಗೆ (ಒಪ್ಪಿಸಿದ ಕಾರ್ಯಗಳಿಗೆ) ಹೊರಟು, ಎಂದಿನಂತೆ ಮರ, ಆಹಾರ ತರುವ ಕೆಲಸಗಾರರಾದ ವಿಲೇಜರ್‌ಗಳನ್ನು ಕೆಲಸಕ್ಕೆ ಹಚ್ಚಿ, ತಾಮ್ರಯುಗದಿಂದ ಸುವರ್ಣಯುಗದವರೆಗೆ ಏರಿ, ಗೆದ್ದು ತಂದ ಸಲಕರಣೆಗಳನ್ನು ಸೈನಿಕರಿಗೆ ತೊಡಿಸಬೇಕಿತ್ತು. ಕಲ್ಪನೆ ನಿಜಕ್ಕೂ ಚೆನ್ನಾಗಿತ್ತು.

ಆಟವನ್ನು ಇಳಿಸಿಕೊಳ್ಳುವುದು ಉಚಿತ, ಗ್ರೀಕರೂ ಈಜಿಪ್ಟಿನವರೂ ಉಚಿತ. ಆದರೆ ಅಪರೂಪದ ದರ್ಜೆಯ ಸಲಕರಣೆಗಳನ್ನು ತೊಡಿಸಲು, ಸಲಹೆಗಾರರನ್ನು ನೇಮಿಸಿಕೊಳ್ಳಲು ದುಡ್ಡು ಕೊಟ್ಟು ಪಡೆಯುವ ಪ್ರೀಮಿಯಂ ದರ್ಜೆ ಬೇಕಿತ್ತು. ಅದೂ ಒಂದೊಂದು ನಾಗರಿಕತೆಗೆ ಬೇರೆ ಬೇರೆಯಾಗಿ, ತಲಾ ಸುಮಾರು 20 ಡಾಲರ್. ಕಷ್ಟಪಟ್ಟು ಕ್ವೆಸ್ಟ್ ಮುಗಿಸಿ ಪೆಟ್ಟಿಗೆ ತೆರೆದರೆ ಹಾಪ್ಲೈಟ್ ಸೈನಿಕನಿಗೆಂದೇ ಮಾಡಿದ ಒಳ್ಳೆಯ ಈಟಿ ಸಿಗುತ್ತದೆ, ಅದು ಉಗ್ರಾಣಕ್ಕೂ ಬಂದು ಕೂರುತ್ತದೆ, ಆದರೆ ತೊಡಿಸಲು ಹೋದರೆ ದುಡ್ಡು ಕೊಡಿ ಎನ್ನುತ್ತದೆ. ಗೆದ್ದವನಿಗೆ ಗೆದ್ದ ಕ್ಷಣದಲ್ಲೇ ‘ನೀನು ಕೆಳದರ್ಜೆಯವನು’ ಎಂದು ನೆನಪಿಸುವ ಈ ವ್ಯವಸ್ಥೆಯೇ ಆಟವನ್ನು ಕೊಂದಿತು ಎಂಬುದು ನನ್ನ ವಾದ. ನೀವೇನು ಹೇಳುತ್ತೀರಿ?

ಹಾಪ್ಲೈಟ್_ಹನುಮ

ನೂರಕ್ಕೆ ನೂರು ಒಪ್ಪುತ್ತೇನೆ. ಈಟಿಯನ್ನಾದರೂ ಸಹಿಸಬಹುದಿತ್ತು, ವಿಲೇಜರ್‌ಗಳ ಸಲಕರಣೆಯಲ್ಲೂ ದರ್ಜೆ ಇಟ್ಟಿದ್ದರಲ್ಲ, ಅದನ್ನು ಸಹಿಸಲು ಆಗಲಿಲ್ಲ. ಈ ಬಗೆಯ ಆಟದಲ್ಲಿ ಎದುರಾಳಿಯ ವಿಲೇಜರ್ ನನ್ನವನಿಗಿಂತ ಬೇಗ ಮರ ಕಡಿಯುತ್ತಾನೆ ಎಂದಾದರೆ ಮೊದಲ ಐದು ನಿಮಿಷದಲ್ಲೇ ಪಂದ್ಯ ಮುಗಿದಂತೆ.

ಲೆಕ್ಕಿಗ

ಕೋಟೆಕಾವಲು ಅವರ ಸಿಟ್ಟು ಅರ್ಥವಾಗುತ್ತದೆ, ಆದರೆ ಕಾರಣವನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ. ಆಟ ಬಿಡುಗಡೆಯಾದಾಗ ಇದ್ದದ್ದು ಎರಡೇ ನಾಗರಿಕತೆಗಳು. ಕೆಲ್ಟರು, ಪರ್ಷಿಯನ್ನರು, ಬ್ಯಾಬಿಲೋನಿಯನ್ನರು, ನಾರ್ಸ್ ಜನರೆಲ್ಲ ಬಂದದ್ದು ಒಬ್ಬೊಬ್ಬರಾಗಿ, ತಡವಾಗಿ. ಕ್ವೆಸ್ಟ್‌ಗಳನ್ನೇ ನಂಬಿದ ಆಟದಲ್ಲಿ ಪ್ರತಿ ಹೊಸ ನಾಗರಿಕತೆಗೂ ಹೊಸ ಸೈನಿಕರು, ಹೊಸ ಕಟ್ಟಡಗಳು, ಹೊಸ ಕ್ವೆಸ್ಟ್‌ಗಳು ಬೇಕು. ಅವುಗಳನ್ನು ಮಾಡಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಆಡಿ ಮುಗಿಸಲು ಒಂದು ವಾರಾಂತ್ಯ ಸಾಕು. ತಯಾರಕರು ಎಷ್ಟು ಓಡಿದರೂ ಆಟಗಾರರ ವೇಗಕ್ಕೆ ಸಾಟಿಯಾಗಲಿಲ್ಲ.

ಪ್ರೀಮಿಯಂ ಪೂರ್ತಿ ಉಚಿತವಾಗಿದ್ದರೂ ಮಾಡಲು ಏನೂ ಉಳಿಯದ ಆಟವನ್ನು ಯಾರೂ ಆಡುತ್ತಿರಲಿಲ್ಲ. ಆಟ ಸತ್ತದ್ದು ಹಸಿವಿನಿಂದ, ವಿಷದಿಂದಲ್ಲ.

ಕೋಟೆಕಾವಲು

ಲೆಕ್ಕಿಗರೇ, ನೀವು ಹೇಳಿದ ಹಸಿವು ಹುಟ್ಟಿದ್ದಾದರೂ ಎಲ್ಲಿಂದ ಎಂಬುದು ನನ್ನ ಪ್ರಶ್ನೆ. ಅದೇ ಆಟವನ್ನು ಪೆಟ್ಟಿಗೆಯಲ್ಲಿಟ್ಟು ಒಂದೇ ಬೆಲೆಗೆ ಮಾರಿದ್ದರೆ ಗ್ರೀಕರ ಕಥೆ ಮುಗಿದ ಮೇಲೆ ಜನ ಒಬ್ಬರ ಮೇಲೊಬ್ಬರು ಪಂದ್ಯವಾಡುತ್ತಾ ವರ್ಷಗಟ್ಟಲೆ ಕಾಲ ಕಳೆಯುತ್ತಿದ್ದರು. ಏಜ್ ಆಫ್ ಎಂಪೈರ್ಸ್ 2 ಬದುಕಿರುವುದು ಹಾಗೆಯೇ. ಇಲ್ಲಿ ಪಂದ್ಯವೇ ಸಲಕರಣೆಯ ಮೇಲೆ ನಿಂತಿದ್ದರಿಂದ ಆ ದಾರಿ ಮುಚ್ಚಿಹೋಯಿತು, ಉಳಿದದ್ದು ಕ್ವೆಸ್ಟ್ ಮಾತ್ರ. ನೀವು ಕಾರಣ ಎನ್ನುತ್ತಿರುವುದು ಆ ಅಂಗಡಿಯ ಪರಿಣಾಮ.

ತಾಮ್ರಯುಗದವನು

ಒಂದು ಅಂಶವನ್ನು ಇಬ್ಬರೂ ಬಿಟ್ಟಿದ್ದೀರಿ. 2012ರಲ್ಲಿ ಅವರು ವ್ಯವಸ್ಥೆಯನ್ನು ಬದಲಾಯಿಸಿದರು. ಆಡುತ್ತಲೇ ಗಳಿಸಬಹುದಾದ ಎಂಪೈರ್ ಪಾಯಿಂಟ್‌ಗಳು ಬಂದವು, ಅವುಗಳಿಂದ ಪ್ರೀಮಿಯಂ ವಸ್ತುಗಳನ್ನು ಪಡೆಯಬಹುದಿತ್ತು. ಸಲಕರಣೆಗಳ ಲಾಭವಿಲ್ಲದೆ ಸಮಬಲದಲ್ಲಿ ಆಡುವ ಚಾಂಪಿಯನ್ ಮೋಡ್ ಕೂಡ ಬಂತು. ಇಷ್ಟಾದರೂ 2013ರ ಜನವರಿಯಲ್ಲಿ ಹೊಸ ವಿಷಯ ಸೇರಿಸುವುದನ್ನು ನಿಲ್ಲಿಸಿದರು. ಅಂಗಡಿಯೇ ಏಕೈಕ ರೋಗವಾಗಿದ್ದರೆ ಔಷಧಿ ಕೊಟ್ಟ ಮೇಲೆ ರೋಗಿ ಏಳಬೇಕಿತ್ತಲ್ಲವೇ?

ಹಾಪ್ಲೈಟ್_ಹನುಮ

ಔಷಧಿ ಬರುವ ಹೊತ್ತಿಗೆ ನಮ್ಮ ಗುಂಪಿನವರೆಲ್ಲ ಬೇರೆ ಆಟಗಳಿಗೆ ಹೋಗಿಯಾಗಿತ್ತು. ಮೊದಲ ತಿಂಗಳಲ್ಲಿ ಬೇಸತ್ತು ಹೋದ ಆಟಗಾರನಿಗೆ ಮುಂದಿನ ವರ್ಷದ ಪ್ಯಾಚ್ (ಆಟಕ್ಕೆ ಮಾಡುವ ತಿದ್ದುಪಡಿ) ಟಿಪ್ಪಣಿ ಓದುವ ಅಗತ್ಯವೇನಿದೆ?

ನಕಾಶೆಗಾರ್ತಿ

ಚರ್ಚೆ ಒಂದೇ ಆಟಕ್ಕೆ ಸೀಮಿತವಾಗಬಾರದೆಂದು ಪ್ಯಾರಡಾಕ್ಸ್ ಸಂಸ್ಥೆಯ, ನಕಾಶೆಯ ಮೇಲೆ ರಾಜ್ಯ ಆಳುವ ಆಟ ಯುರೋಪಾ ಯೂನಿವರ್ಸಾಲಿಸ್ 4 ಅನ್ನು ಇಲ್ಲಿಗೆ ಎಳೆದು ತರುತ್ತಿದ್ದೇನೆ. ಅಲ್ಲಿ ಸಲಕರಣೆ ಮಾರುವ ಅಂಗಡಿಯಿಲ್ಲ. ಆದರೂ ವ್ಯಾಪಾರದ ಲೆಕ್ಕಾಚಾರವು ಆಟದ ನಿಯಮಗಳೊಳಗೆ ಹೇಗೆ ನುಸುಳುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

2015ರ ಜೂನ್‌ನಲ್ಲಿ ಕಾಮನ್ ಸೆನ್ಸ್ ಎಂಬ ವಿಸ್ತರಣೆ (ದುಡ್ಡು ಕೊಟ್ಟು ಕೊಳ್ಳುವ ಹೆಚ್ಚುವರಿ ಭಾಗ) ಬಂತು. ಅದರ ಜೊತೆಗೆ ಎಲ್ಲರಿಗೂ ಬಂದ ಉಚಿತ ಪ್ಯಾಚ್, ಪ್ರತಿ ಪ್ರಾಂತ್ಯಕ್ಕೂ ಅಭಿವೃದ್ಧಿ ಎಂಬ ಅಳತೆಯನ್ನು ತಂದು, ಎಷ್ಟು ಕಟ್ಟಡ ಕಟ್ಟಬಹುದು ಎಂಬುದನ್ನೂ ಅದಕ್ಕೇ ಕಟ್ಟಿಹಾಕಿತು. ಆದರೆ ಆ ಅಭಿವೃದ್ಧಿಯನ್ನು ನಮ್ಮ ಇಚ್ಛೆಯಂತೆ ಹೆಚ್ಚಿಸುವ ಗುಂಡಿ ಇದ್ದದ್ದು ದುಡ್ಡು ಕೊಟ್ಟು ಕೊಂಡವರಿಗೆ ಮಾತ್ರ. ಅಂದರೆ ನಿರ್ಬಂಧ ಎಲ್ಲರಿಗೂ, ಬಿಡುಗಡೆಯ ದಾರಿ ಕೊಂಡವರಿಗೆ.

ಮುಂದಿನ ವರ್ಷ ರೈಟ್ಸ್ ಆಫ್ ಮ್ಯಾನ್ ವಿಸ್ತರಣೆಯ ಕಾಲಕ್ಕೆ ಬಂದ ಉಚಿತ ಪ್ಯಾಚ್ ‘ಇನ್‌ಸ್ಟಿಟ್ಯೂಷನ್’ಗಳನ್ನು, ಅಂದರೆ ಒಂದೆಡೆ ಹುಟ್ಟಿ ಪ್ರಾಂತ್ಯಗಳಿಗೆ ಹರಡುವ ಹೊಸ ವಿಚಾರಗಳನ್ನು, ತಂದಿತು. 1450ರಲ್ಲಿ ಇಟಲಿಯಲ್ಲಿ ಹುಟ್ಟುವ ರಿನೈಸಾನ್ಸ್ ಮೆಲ್ಲಗೆ ಹರಡುತ್ತಾ ಬರುತ್ತದೆ. ಅದು ನಮ್ಮನ್ನು ತಲುಪುವವರೆಗೆ ತಂತ್ರಜ್ಞಾನದ ವೆಚ್ಚ ವರ್ಷಕ್ಕೆ ಶೇಕಡಾ 1ರಂತೆ ಏರುತ್ತಲೇ ಇರುತ್ತದೆ, ಶೇಕಡಾ 50ರವರೆಗೂ. ನೀವು ವಿಜಯನಗರವನ್ನು ಆಡುತ್ತಿದ್ದರೆ ಆ ಕಾಯುವಿಕೆ ಎಷ್ಟು ದೀರ್ಘ ಎಂದು ಊಹಿಸಿಕೊಳ್ಳಿ. ಗುಂಡಿ ಇದ್ದವನು ಒಂದು ಪ್ರಾಂತ್ಯವನ್ನೇ ಹಿಡಿದು ಅಭಿವೃದ್ಧಿ ಮಾಡುತ್ತಾ ಹೋಗಿ ರಿನೈಸಾನ್ಸ್ ಅನ್ನು ತನ್ನ ನೆಲದಲ್ಲೇ ಮೂಡಿಸಿಕೊಳ್ಳುತ್ತಿದ್ದ. ಗುಂಡಿ ಇಲ್ಲದವನು ನಕಾಶೆಯ ಮೇಲೆ ಆ ಬಣ್ಣ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ತೆವಳಿಕೊಂಡು ಬರುವುದನ್ನು ನೋಡುತ್ತಾ ಕೂರಬೇಕಿತ್ತು. ಯುರೋಪಿನ ಹೊರಗಿನ ರಾಜ್ಯಗಳ ಇತಿಹಾಸವನ್ನು ಬೇರೆಯಾಗಿ ಬರೆಯಬಹುದು ಎಂಬ ಆಸೆಯಿಂದ ಈ ಆಟಕ್ಕೆ ಬರುವವರಿಗೆ ಆ ಅವಕಾಶವನ್ನೇ ಪ್ರತ್ಯೇಕವಾಗಿ ಮಾರಿದಂತಾಯಿತು.

ಹಳೆಯ_ದಳವಾಯಿ

ಮೇಲಿನ ಬರಹಕ್ಕೆ ಒಂದು ಸೇರ್ಪಡೆ. ಮಲ್ಟಿಪ್ಲೇಯರ್‌ನಲ್ಲಿ ಹೋಸ್ಟ್ ಮಾಡುವವನ, ಅಂದರೆ ಹಲವರ ಪಂದ್ಯವನ್ನು ನಡೆಸಿಕೊಡುವವನ, ಬಳಿ ಇರುವ ವಿಸ್ತರಣೆಗಳು ಆ ಪಂದ್ಯದಲ್ಲಿರುವ ಎಲ್ಲರಿಗೂ ಅನ್ವಯವಾಗುತ್ತವೆ. ಪ್ಯಾರಡಾಕ್ಸ್ ಸಂಸ್ಥೆಯನ್ನು ಬೈಯುವಾಗ ಇದನ್ನೂ ಹೇಳಬೇಕು. ಗುಂಪಿನಲ್ಲಿ ಒಬ್ಬನ ಬಳಿ ಎಲ್ಲವೂ ಇದ್ದರೆ ಉಳಿದವರು ಮೂಲ ಆಟದಲ್ಲೇ ಸುಖವಾಗಿರಬಹುದು.

ನಕಾಶೆಗಾರ್ತಿ

ನಿಜ, ಆದರೆ ಈ ಆಟವನ್ನು ಹೆಚ್ಚಿನವರು ಒಬ್ಬರೇ ಕುಳಿತು ಆಡುತ್ತಾರೆ. ಅವರ ಪಾಲಿಗೆ ಹೋಸ್ಟ್ ಎಲ್ಲಿಂದ ಬರಬೇಕು?

ಪುಟ್ಟಸಾಮ್ರಾಜ್ಯ

ವಿಜಯನಗರದ ಮಾತು ಬಂದದ್ದರಿಂದ ಒಂದು ಅಡ್ಡಮಾತು: ಆಟ ಆರಂಭವಾಗುವುದು 1444ರ ನವೆಂಬರ್ 11ಕ್ಕೆ, ಅಂದರೆ ಇಮ್ಮಡಿ ದೇವರಾಯನ ಕಾಲದಲ್ಲಿ. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಬಂದು ಆ ನಗರವನ್ನು ಕಣ್ಣರಳಿಸಿ ನೋಡಿ ಹೋದದ್ದು ಅದರ ಹಿಂದಿನ ವರ್ಷವಷ್ಟೇ. ಅಂಥ ರಾಜ್ಯವನ್ನು ಹಿಡಿದು ಕುಳಿತವನಿಗೆ ‘ರಿನೈಸಾನ್ಸ್ ಬರುವವರೆಗೆ ಕಾಯಿರಿ’ ಎನ್ನುವುದು ತಮಾಷೆಯಾಗಿದೆ.

ಲೆಕ್ಕಿಗ

ತಮಾಷೆಯೇ ಸರಿ, ಆದರೆ ಅದು ವಿನ್ಯಾಸದ ದೋಷ. ಎರಡನ್ನೂ ಕಲಸಬೇಡಿ.

ಪ್ಯಾರಡಾಕ್ಸ್‌ನ ಕ್ರಮಕ್ಕೆ ಇನ್ನೊಂದು ಮುಖವೂ ಇದೆ. 2013ರಲ್ಲಿ ಬಿಡುಗಡೆಯಾದ ಆಟವೊಂದಕ್ಕೆ ಹತ್ತು ವರ್ಷ ದಾಟಿದರೂ ಪ್ಯಾಚ್ ಬರುತ್ತಿತ್ತೆಂದರೆ ಆ ಸಂಬಳವನ್ನು ಕೊಟ್ಟದ್ದು ವಿಸ್ತರಣೆಗಳನ್ನು ಕೊಂಡವರು. ಒಮ್ಮೆ ಮಾರಿ ಮರೆತಿದ್ದರೆ ಇಂದು ನೀವು ಬೈಯುತ್ತಿರುವ ನಿಯಮಗಳೇ ಹುಟ್ಟುತ್ತಿರಲಿಲ್ಲ, ನೀವು ಮೆಚ್ಚುವ ನೂರು ಸಂಗತಿಗಳೂ ಹುಟ್ಟುತ್ತಿರಲಿಲ್ಲ. ತಮ್ಮದೇ ಇನ್ನೊಂದು ಆಟವಾದ ಕ್ರುಸೇಡರ್ ಕಿಂಗ್ಸ್ 2ರ ಮೂಲ ಆಟವನ್ನು 2019ರ ಅಕ್ಟೋಬರ್‌ನಲ್ಲಿ ಪೂರ್ತಿ ಉಚಿತವಾಗಿಸಿದರು. ಯುರೋಪಾ 4ಕ್ಕೆ 2021ರಲ್ಲಿ ತಿಂಗಳ ಚಂದಾ ತಂದರು, 5 ಡಾಲರ್‌ಗೆ ಆಗ ಎಲ್ಲ ವಿಸ್ತರಣೆಗಳೂ ಸಿಗುತ್ತಿದ್ದವು. ಹಳೆಯ ಕೆಲವು ವಿಸ್ತರಣೆಗಳನ್ನು ಮೂಲ ಆಟಕ್ಕೇ ಸೇರಿಸಿದರು. ಅಂಗಡಿಯವರು ಕಿವಿಗೊಡುವುದೇ ಇಲ್ಲ ಎನ್ನುವಂತಿಲ್ಲ.

ಕೋಟೆಕಾವಲು

ವಿನ್ಯಾಸದ ದೋಷವನ್ನೂ ವ್ಯಾಪಾರದ ದೋಷವನ್ನೂ ಬೇರೆ ಬೇರೆ ಎಂದು ಹೇಳುತ್ತಿದ್ದೀರಿ. ಆ ಗುಂಡಿಯನ್ನು ಮೂಲ ಆಟದಿಂದ ಹೊರಗಿಟ್ಟವರು ವಿನ್ಯಾಸಕರಾಗಿ ಯೋಚಿಸಿ ಹಾಗೆ ಮಾಡಿದರೇ? ಅದು ಒಳಗೇ ಇದ್ದಿದ್ದರೆ ವಿಸ್ತರಣೆ ಕೊಳ್ಳಲು ಒಂದು ದೊಡ್ಡ ಕಾರಣ ಕಡಿಮೆಯಾಗುತ್ತಿತ್ತು, ಅಷ್ಟೇ. ಆಟ ಬರೆಯುವವನ ಪಕ್ಕದಲ್ಲಿ ಬೆಲೆಪಟ್ಟಿ ಇದ್ದರೆ ಅವನು ಇಡುವ ಪ್ರತಿ ನಿಯಮಕ್ಕೂ ‘ಇದು ಮೂಲದಲ್ಲಿರಲೋ, ಮಾರಾಟಕ್ಕಿರಲೋ’ ಎಂಬ ಪ್ರಶ್ನೆ ಅಂಟಿಕೊಳ್ಳುತ್ತದೆ. ಏಜ್ ಆನ್‌ಲೈನ್‌ನಲ್ಲಿ ಅದು ಈಟಿಗೆ ಅಂಟಿತು, ಇಲ್ಲಿ ಗುಂಡಿಗೆ ಅಂಟಿತು.

ಚಂದಾ ಒಳ್ಳೆಯದೇ, ಒಪ್ಪಿದೆ. ಆದರೆ ಒಟ್ಟು ಬೆಲೆ ನೂರಾರು ಡಾಲರ್ ಮುಟ್ಟಿದ ಮೇಲೆ ಬಾಡಿಗೆಯ ವ್ಯವಸ್ಥೆ ತರಬೇಕಾಯಿತು ಎಂಬುದನ್ನು ಉದಾರತೆಯ ಪಟ್ಟಿಗೆ ಸೇರಿಸಲು ನನಗೆ ಮನಸ್ಸಾಗುವುದಿಲ್ಲ.

ರೋಮನ್_ರಂಗ

ಟೋಟಲ್ ವಾರ್ ಎಂಬ ಯುದ್ಧದ ಆಟಗಳ ಸರಣಿಯ ಬಗ್ಗೆ ಯಾರೂ ಮಾತಾಡುತ್ತಿಲ್ಲವೇಕೆ? 2013ರಲ್ಲಿ ಅದರ ರೋಮ್ 2 ಬಂದಾಗ ಅಥೆನ್ಸ್, ಸ್ಪಾರ್ಟಾ, ಎಪಿರಸ್ ಮೂರೂ ಮೂಲ ಆಟದಲ್ಲಿ ಆಡಲು ಸಿಗಲಿಲ್ಲ. ಮುಂಗಡವಾಗಿ ಕಾದಿರಿಸಿದವರಿಗೆ ಉಚಿತ, ಉಳಿದವರಿಗೆ ಪ್ರತ್ಯೇಕ ಬೆಲೆ. ಸ್ಪಾರ್ಟಾ ಇಲ್ಲದ ಪ್ರಾಚೀನ ಮೆಡಿಟರೇನಿಯನ್! ನಕಾಶೆಯ ಮೇಲೆ ಅವರು ಇದ್ದರು, ನಮ್ಮ ಮೇಲೆ ದಂಡೆತ್ತಿಯೂ ಬರುತ್ತಿದ್ದರು, ನಾವು ಮಾತ್ರ ಅವರಾಗುವಂತಿರಲಿಲ್ಲ. ಸಾಲದ್ದಕ್ಕೆ ಯುದ್ಧದಲ್ಲಿ ರಕ್ತ ಕಾಣಬೇಕಾದರೂ ದುಡ್ಡು ಕೊಟ್ಟು ಇಳಿಸಿಕೊಳ್ಳುವ ಹೆಚ್ಚುವರಿ ಭಾಗ, ಅಂದರೆ ಬೇರೆ ಡಿಎಲ್‌ಸಿ.

ಹಳೆಯ_ದಳವಾಯಿ

ರಕ್ತದ ಡಿಎಲ್‌ಸಿಗೆ ಕಂಪನಿ ಕೊಡುವ ಕಾರಣ ವಯಸ್ಸಿನ ರೇಟಿಂಗ್: ಮೂಲ ಆಟ ಕಿರಿಯರಿಗೂ ಸಿಗಲಿ ಎಂದು ಅದನ್ನು ಬೇರೆ ಇಟ್ಟಿದ್ದಾರೆ. ಆ ಕಾರಣ ಸುಳ್ಳಲ್ಲ. ಅದಕ್ಕೆ ದುಡ್ಡು ಏಕೆ ಎಂಬ ಪ್ರಶ್ನೆಗೆ ಮಾತ್ರ ಅದು ಉತ್ತರವಾಗುವುದಿಲ್ಲ.

ಚಾವೋ_ಚಾವಡಿ

ನನ್ನ ಪ್ರಕಾರ ಇಡೀ ಸರಣಿಯ ಅತ್ಯಂತ ದುಃಖದ ಪ್ರಕರಣ 2019ರ ತ್ರೀ ಕಿಂಗ್‌ಡಮ್ಸ್. ಮೊದಲ ವಾರದಲ್ಲೇ ಹತ್ತು ಲಕ್ಷ ಪ್ರತಿಗಳು ಮಾರಾಟವಾದ ಆಟ ಅದು. ಹಾನ್ ಸಾಮ್ರಾಜ್ಯ ಕುಸಿದು ಚಾವೋ ಚಾವೋ, ಲಿಯು ಬೇ, ಸುನ್ ಜಿಯಾನ್ ಪರಸ್ಪರ ಕಾದಾಡುವ ಕಥೆಗಾಗಿಯೇ ಜನ ಅದನ್ನು ಕೊಂಡದ್ದು. ಆದರೆ ಮೊದಲ ದೊಡ್ಡ ಡಿಎಲ್‌ಸಿಯಾಗಿ ಬಂದದ್ದು ಏಟ್ ಪ್ರಿನ್ಸಸ್. ಅದು ನಡೆಯುವುದು ಕ್ರಿ.ಶ. 291ರಲ್ಲಿ, ಅಂದರೆ ಕಥಾನಾಯಕರೆಲ್ಲ ಸತ್ತು ಎಷ್ಟೋ ದಶಕಗಳಾದ ಮೇಲೆ. ಕೇಳಿದವರು ಯಾರು?

ಇಲ್ಲಿ ಮಾರಾಟದ ಮಾದರಿಯ ಪಾತ್ರ ಏನೆಂದರೆ, ಹೆಚ್ಚಿನ ಡಿಎಲ್‌ಸಿಗಳನ್ನು ಹೊಸ ಆರಂಭದ ವರ್ಷವಿರುವ ಪ್ರತ್ಯೇಕ ಅಧ್ಯಾಯವಾಗಿ ಮಾರಬೇಕೆಂದು ಹೊರಟರು. ಅಧ್ಯಾಯಗಳು ಹೆಚ್ಚಾದಂತೆ ಪರೀಕ್ಷಿಸಿ ಸರಿಪಡಿಸಬೇಕಾದದ್ದೂ ಹೆಚ್ಚಾಯಿತು, ದೋಷಗಳು ಹಾಗೆಯೇ ಉಳಿದವು. ಕೊನೆಗೆ 2021ರ ಮೇ ತಿಂಗಳಲ್ಲಿ ‘ಇನ್ನು ಹೊಸದೇನೂ ಬರುವುದಿಲ್ಲ’ ಎಂದು ಘೋಷಿಸಿಬಿಟ್ಟರು. ಆಟದ ಹೆಸರಿನಲ್ಲಿ ಮೂರು ರಾಜ್ಯಗಳಿವೆ. ಆ ಮೂರೂ ರಾಜ್ಯಗಳು ಸ್ಥಾಪನೆಯಾದ ಕಾಲದಿಂದ ಆಡಲು ಇಂದಿಗೂ ಆರಂಭದ ವರ್ಷವಿಲ್ಲ.

ಫರೋನ_ಗುಮಾಸ್ತ

ಅದೇ ಸರಣಿಯ ಫರೋ ಇನ್ನೊಂದು ಪಾಠ. 2023ರ ಅಕ್ಟೋಬರ್‌ನಲ್ಲಿ 60 ಡಾಲರ್ ಬೆಲೆಗೆ ಬಂತು; ಈಜಿಪ್ಟ್, ಕಾನಾನ್, ಅನಟೋಲಿಯ ಬಿಟ್ಟರೆ ನಕಾಶೆ ಮುಗಿಯುತ್ತಿತ್ತು. ಕಂಚಿನ ಯುಗದ ಕುಸಿತದ ಕಥೆ ಹೇಳುವ ಆಟದಲ್ಲಿ ಬ್ಯಾಬಿಲೋನೂ ಇಲ್ಲ, ಮೈಸೀನೆಯೂ ಇಲ್ಲ. ಜನ ಕೊಳ್ಳಲಿಲ್ಲ. ಎರಡೇ ತಿಂಗಳಲ್ಲಿ ಬೆಲೆಯನ್ನು 40 ಡಾಲರ್‌ಗೆ ಇಳಿಸಿ, ಮೊದಲೇ ಕೊಂಡವರಿಗೆ ವ್ಯತ್ಯಾಸದ ಹಣ ಮರಳಿಸಿದರು. 2024ರ ಜುಲೈನಲ್ಲಿ ಡೈನಾಸ್ಟೀಸ್ ಎಂಬ ಅಪ್‌ಡೇಟ್ ಮೆಸೊಪೊಟೇಮಿಯಾವನ್ನೂ ಈಜಿಯನ್ ತೀರವನ್ನೂ ಉಚಿತವಾಗಿ ಸೇರಿಸಿತು.

ಈಗ ಅದು ಒಳ್ಳೆಯ ಆಟ, ಆದರೆ ಬಿಡುಗಡೆಯ ದಿನದ ವಿಮರ್ಶೆಯನ್ನು ಓದಿ ಹೋದವರು ಹಿಂದಿರುಗಲಿಲ್ಲ. ಹಾಪ್ಲೈಟ್_ಹನುಮ ಅವರು ಮೇಲೆ ಹೇಳಿದ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ತಾಮ್ರಯುಗದವನು

ಸಿವಿಲೈಸೇಷನ್ 7 ಕೂಡ ಇದೇ ಸಾಲಿನದು. 2025ರ ಫೆಬ್ರುವರಿಯಲ್ಲಿ ಮೂಲ ಆಟ ಬಂದಾಗ ಅದರಲ್ಲಿ ಬ್ರಿಟನ್ ಇರಲಿಲ್ಲ. ಮುಂದಿನ ತಿಂಗಳೇ ದುಡ್ಡಿನ ಡಿಎಲ್‌ಸಿಯಾಗಿ ಬಂತು. ಕೈಗಾರಿಕಾ ಕ್ರಾಂತಿಯ ಯುಗವನ್ನು ಬ್ರಿಟನ್ ಇಲ್ಲದೆ ಮಾರುವ ಧೈರ್ಯವನ್ನಾದರೂ ಮೆಚ್ಚಬೇಕು.

ಪೆಟ್ಟಿಗೆಯ_ಕಾಲದವ

ನಿಮ್ಮೆಲ್ಲರ ಗೋಳು ಓದಿ ನಗು ಬರುತ್ತಿದೆ. ನಮ್ಮ ಕಾಲದಲ್ಲಿ ವಿಸ್ತರಣೆಗೆ ದುಡ್ಡು ಕೊಡುತ್ತಿರಲಿಲ್ಲವೇ? ಏಜ್ ಆಫ್ ಎಂಪೈರ್ಸ್ 2 ಬಂದದ್ದು 1999ರಲ್ಲಿ, ಅದರ ವಿಸ್ತರಣೆ ಕಾಂಕರರ್ಸ್ ಬಂದದ್ದು 2000ದಲ್ಲಿ. ಅಜ್ಟೆಕ್, ಮಾಯಾ, ಹೂಣರು ಬೇಕಾದವರು ಆಗಲೂ ಕೊಂಡರು.

ನಕಾಶೆಗಾರ್ತಿ

ಕೊಂಡರು ನಿಜ. ಆದರೆ 1999ರ ಪೆಟ್ಟಿಗೆಯಲ್ಲಿ 13 ನಾಗರಿಕತೆಗಳಿದ್ದವು, ಅವುಗಳಲ್ಲಿ ಯಾವುದನ್ನೂ ಕಿತ್ತು ಪಕ್ಕಕ್ಕಿಟ್ಟಿರಲಿಲ್ಲ. ಪೂರ್ತಿಯಾದ ಆಟಕ್ಕೆ ಸೇರಿಸಿ ಮಾರುವುದಕ್ಕೂ ಪೂರ್ತಿಯಾಗದಂತೆ ಕತ್ತರಿಸಿ ಮಾರುವುದಕ್ಕೂ ಇರುವ ಅಂತರವನ್ನು ಆಟಗಾರರು ಮೊದಲ ಸಂಜೆಯೇ ಗುರುತಿಸುತ್ತಾರೆ.

ಲೆಕ್ಕಿಗ

ಹಾಗಾದರೆ ಅದೇ ಏಜ್ 2ರ ಹೊಸ ರೂಪವಾದ ಡೆಫಿನಿಟಿವ್ ಎಡಿಷನ್ ಬಗ್ಗೆ ಏನು ಹೇಳುತ್ತೀರಿ? 2022ರ ಏಪ್ರಿಲ್‌ನಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಎಂಬ ಡಿಎಲ್‌ಸಿ ಬಂದು, ಮೊದಲಿದ್ದ ಇಂಡಿಯನ್ಸ್ ಎಂಬ ಒಂದೇ ನಾಗರಿಕತೆಯ ಜಾಗದಲ್ಲಿ ಹಿಂದೂಸ್ತಾನಿಗಳು, ಗುರ್ಜರರು, ಬಂಗಾಳಿಗಳು, ದ್ರಾವಿಡರು ಬಂದರು. ಗುರ್ಜರರು ಹೊಸದಾಗಿ ಬಂದಾಗ ಎಷ್ಟು ಬಲವಾಗಿದ್ದರೆಂದು ಆಗ ಆಡಿದವರಿಗೆ ಗೊತ್ತು; ಅವರನ್ನು ಹದಕ್ಕೆ ತಂದದ್ದು ನಂತರದ ಪ್ಯಾಚ್‌ಗಳಲ್ಲಿ. ಕೊಂಡವನು ಅಷ್ಟು ಕಾಲ ರ‍್ಯಾಂಕ್ ಏರಿದ. ಇದೂ ದುಡ್ಡಿಗೆ ಗೆಲುವು ಮಾರಿದಂತೆಯೇ ಆಯಿತಲ್ಲ?

ಹಾಪ್ಲೈಟ್_ಹನುಮ

ಅಷ್ಟಿಷ್ಟು ಹೌದು. ಆದರೂ ಆ ಡಿಎಲ್‌ಸಿ ಕೊಳ್ಳದವನು ಮೂಲ ಆಟದ ಬ್ರಿಟನ್ನರನ್ನೋ ಫ್ರಾಂಕರನ್ನೋ ಹಿಡಿದು ಅವರನ್ನು ಸೋಲಿಸಬಹುದಿತ್ತು, ಸೋಲಿಸಿದ್ದಾರೆ ಕೂಡ. ಅಲ್ಲಿ ಇಬ್ಬರ ವಿಲೇಜರ್‌ಗಳೂ ಒಂದೇ ನಿಯಮದಡಿ ಇರುತ್ತಾರೆ, ನಾಗರಿಕತೆಗೆ ತಕ್ಕ ಲಾಭ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಎದುರಾಳಿ ಉಗ್ರಾಣದಿಂದ ಏನು ತೊಡಿಸಿಕೊಂಡು ಬಂದಿದ್ದಾನೋ ಎಂಬ ಅನುಮಾನವಿಲ್ಲ.

ಬಿಟ್ಟಿಭಟ

ಇಷ್ಟೆಲ್ಲ ತಲೆನೋವು ಬೇಡವೆನ್ನುವವರಿಗೆ 0 ಎ.ಡಿ. ಎಂಬ ಆಟ ಇದೆ. ಪೂರ್ತಿ ಉಚಿತ, 2009ರಿಂದ ಅದರ ಸೋರ್ಸ್ ಕೋಡ್ ಕೂಡ ಮುಕ್ತ, ಮೌರ್ಯರೂ ಇದ್ದಾರೆ. ಅಂಗಡಿಯೇ ಇಲ್ಲ.

ಲೆಕ್ಕಿಗ

ಅಂಗಡಿ ಇಲ್ಲದ್ದರಿಂದಲೇ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅದರ ಆವೃತ್ತಿಗಳು ‘ಆಲ್ಫಾ’ (ಇನ್ನೂ ಪೂರ್ತಿಯಾಗದ್ದು) ಎಂಬ ಹಣೆಪಟ್ಟಿಯೊಂದಿಗೇ ಬಂದವು. ಸ್ವಯಂಸೇವಕರ ಶ್ರಮಕ್ಕೆ ನನ್ನ ನಮಸ್ಕಾರ; ಆದರೆ ಸಂಬಳವಿಲ್ಲದ ಕೆಲಸ ಅದರದೇ ವೇಗದಲ್ಲಿ ಸಾಗುತ್ತದೆ.

ಕೋಟೆಕಾವಲು

ಸ್ವಯಂಸೇವಕರ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ನನ್ನ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. 2014ರಲ್ಲಿ ಸರ್ವರ್ ನಿಂತಾಗ, ದುಡ್ಡು ಕೊಟ್ಟು ಕೊಂಡ ಪ್ರೀಮಿಯಂ ನಾಗರಿಕತೆಗಳೆಲ್ಲ ಆಡಲಾಗದಂತಾದವು. ಒಬ್ಬರೇ ಆಡುವ ಕ್ವೆಸ್ಟ್‌ಗೂ ಸರ್ವರ್ ಬೇಕಿದ್ದುದರಿಂದ ಕೈಯಲ್ಲಿ ಏನೂ ಉಳಿಯಲಿಲ್ಲ. ಆ ಮೇಲೆ ಅಭಿಮಾನಿಗಳು ಪ್ರಾಜೆಕ್ಟ್ ಸೆಲೆಸ್ಟ್ ಎಂಬ ಹೆಸರಿನಲ್ಲಿ ತಮ್ಮದೇ ಸರ್ವರ್ ಕಟ್ಟಿ 2017ರಲ್ಲಿ ಆಟವನ್ನು ಮತ್ತೆ ಎಬ್ಬಿಸಿದರು. ಪ್ರೀಮಿಯಂ ಗೋಡೆ ಇಲ್ಲ, ದುಡ್ಡಿನ ಅಂಗಡಿ ಇಲ್ಲ, ಗೆದ್ದ ಈಟಿಯನ್ನು ಗೆದ್ದವನೇ ತೊಡಿಸಬಹುದು. ಅದೇ ಕಾರ್ಟೂನು ಚಿತ್ರಣ, ಬಹುಪಾಲು ಅದೇ ಕ್ವೆಸ್ಟ್‌ಗಳು. ಆದರೂ ಜನ ಆಡುತ್ತಿದ್ದಾರೆ.

ಲೆಕ್ಕಿಗ

ಆಡುತ್ತಿದ್ದಾರೆ, ಆದರೆ ಎಲ್ಲ ನಾಗರಿಕತೆಗಳೂ ಮೊದಲ ದಿನದಿಂದಲೇ ಸಿಗುವುದರಿಂದ ಆಡುತ್ತಿದ್ದಾರೆ. 2011ರಲ್ಲಿ ಎರಡಿದ್ದವು. ನನ್ನ ಹಸಿವಿನ ವಾದವನ್ನು ನೀವೇ ಗಟ್ಟಿ ಮಾಡಿದಿರಿ. ಮೇಲಾಗಿ ಆ ವಿಷಯವನ್ನೆಲ್ಲ ತಯಾರಿಸಲು ಖರ್ಚು ಮಾಡಿದ್ದು ಮೈಕ್ರೋಸಾಫ್ಟ್. ಸೆಲೆಸ್ಟ್‌ನವರಿಗೆ ಅದು ಸಿದ್ಧವಾಗಿ ಸಿಕ್ಕಿತು.

ನಕಾಶೆಗಾರ್ತಿ

ಲೆಕ್ಕಿಗರು ಇಲ್ಲಿ ಹೇಳಿದ್ದರಲ್ಲಿ ಹುರುಳಿದೆ. ಆದರೆ ಎಲ್ಲವನ್ನೂ ಒಂದೇ ಬೆಲೆಗೆ, ಸರ್ವರಿನ ಹಂಗಿಲ್ಲದೆ ಮಾರಿದ್ದರೆ ಅಭಿಮಾನಿಗಳು ಆಟವನ್ನು ಮತ್ತೆ ಎಬ್ಬಿಸುವ ಪ್ರಸಂಗವೇ ಬರುತ್ತಿರಲಿಲ್ಲ ಎಂಬುದನ್ನು ನೀವು ಇನ್ನೂ ಅಲ್ಲಗಳೆದಿಲ್ಲ.

ಪುಟ್ಟಸಾಮ್ರಾಜ್ಯ

ವಾದ ಮುಂದುವರಿಯಲಿ, ನಡುವೆ ನನ್ನದೊಂದು ಸಣ್ಣ ಪ್ರಶ್ನೆ. ಸೆಲೆಸ್ಟ್‌ನಲ್ಲಿ ಹೊಸದಾಗಿ ಸೇರುವವರು ಯಾವ ನಾಗರಿಕತೆಯಿಂದ ಆರಂಭಿಸಿದರೆ ಒಳ್ಳೆಯದು?

ಹಾಪ್ಲೈಟ್_ಹನುಮ

ನನ್ನ ಹೆಸರು ನೋಡಿಯೂ ಕೇಳುತ್ತೀರಲ್ಲ! ಗ್ರೀಕರಿಂದಲೇ ಆರಂಭಿಸಿ. ಹಳೆಯ ಏಜ್ ಆಡಿದ ಕೈಗೆ ಅವರು ಬೇಗ ಒಗ್ಗುತ್ತಾರೆ, ಮೊದಲ ಕ್ವೆಸ್ಟ್‌ಗಳೂ ಆಟವನ್ನು ಚೆನ್ನಾಗಿ ಕಲಿಸುತ್ತವೆ. ಸಿಕ್ಕ ಸಲಕರಣೆಯನ್ನು ಮೊದಲು ವಿಲೇಜರ್‌ಗಳಿಗೆ ತೊಡಿಸಿ, ಸೈನಿಕರ ಸರದಿ ಆಮೇಲೆ.